ಅವನ ಪತ್ರಕ್ಕೆ ಬಿದ್ದ ಕೆಂಪು ಗುರುತು

"ಮುಟ್ಟಬೇಡಿ."

ಬಾಗಿಲಲ್ಲಿ ನಿಂತ ಅಪರಿಚಿತ ಹೇಳಿದ್ದು ಅಷ್ಟೇ. ಧ್ವನಿ ಏರಿಸಿರಲಿಲ್ಲ. ಆದರೂ ಅವಳ ಬೆರಳುಗಳು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಇದ್ದಲ್ಲೇ ನಿಂತುಬಿಟ್ಟವು.

ಅವನು ಒಳಗೆ ಬಂದ. ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಗಳ ಟ್ರೇ, ಸಾಲಾಗಿ ನಿಂತ ಜೇನಿನ ಸೀಸೆಗಳು... ಯಾವುದಕ್ಕೂ ತಗಲದಂತೆ ಮೇಜು ಬಳಸಿ ಬಂದು, ಬಾಗಿ, ಲ್ಯಾಪ್‌ಟಾಪಿನ ಬದಿಯಲ್ಲಿದ್ದ ಕೇಬಲ್ ಕಿತ್ತ. ಆಮೇಲೆ ಅವಳ ಭುಜದ ಪಕ್ಕದಿಂದ ಕೈಚಾಚಿ ವೈಫೈ ಆರಿಸಿದ.

"ಯಾರು ನೀವು? ಏನ್ ಮಾಡ್ತಿದೀರಾ?"

"ಕಂಪ್ಯೂಟರ್ ಭದ್ರತೆಯವನು. ಹೋದ ವಾರ ಸೇರಿದೆ. ನಿಮ್ಮ ಲ್ಯಾಪ್‌ಟಾಪು ಸ್ವಲ್ಪ ಹೊತ್ತಿನಿಂದ ಹೊರಗಿನವರು ಯಾರ ಜೊತೆಗೋ ಮಾತಾಡ್ತಾ ಇದೆ. ನೀವು ಮಾತಾಡಿಸ್ತಿದೀರಾ?"

"ಇಲ್ಲ..."

"ಹಾಗಾದ್ರೆ ಅದೇ ಮಾತಾಡ್ತಿದೆ."

ಅವಳು ಕೀಲಿಗಳಿಂದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

ಅದು ಕಚೇರಿಯ ಯಂತ್ರವಲ್ಲ, ಅವಳ ಸ್ವಂತದ್ದು. ಆ ಪ್ರಯೋಗಾಲಯದಲ್ಲಿ ಅವಳ ಕೆಲಸ ಜೇನಿನ ಸಾಚಾತನ ಪರೀಕ್ಷಿಸುವುದು. ಜೇನನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳದಲ್ಲಿ ಉಳಿದ ಚೂರಿಗೆ ಗುಲಾಬಿ ಬಣ್ಣ ಹಾಕಿ ನೋಡಿದರೆ ಹೂವಿನ ಪರಾಗ ಕಾಣುತ್ತದೆ. ಯಾವ ಹೂವು, ಯಾವ ಊರಿನ ಜೇನು, ಅಥವಾ ಬರೀ ಸಕ್ಕರೆ ಪಾಕವೇ ಎಂಬುದನ್ನೆಲ್ಲ ಪರಾಗ ಹೇಳಿಬಿಡುತ್ತದೆ. ವರ್ಷಗಟ್ಟಲೆ ಒಂದೊಂದಾಗಿ ತೆಗೆದ ಪರಾಗದ ಚಿತ್ರಗಳೆಲ್ಲ ಆ ಲ್ಯಾಪ್‌ಟಾಪಿನಲ್ಲಿದ್ದವು.

ಬೆಳಿಗ್ಗೆ ಗುರುತಿಲ್ಲದವರೊಬ್ಬರಿಂದ ಇಮೇಲಿನಲ್ಲಿ ಪತ್ರ ಬಂದಿತ್ತು. 'ಇದು ಯಾವ ಹೂವಿನ ಪರಾಗ ಎಂದು ಯಾರಿಗೂ ತಿಳಿಯುತ್ತಿಲ್ಲ. ನೀವು ನೋಡುವಿರಾ?' ಕೆಳಗೆ ಒಂದು ಚಿತ್ರ. ಅವಳು ತೆರೆದಿದ್ದಳು. ಚಿತ್ರ ಬರಲಿಲ್ಲ.

"ಅದು ಚಿತ್ರದ ವೇಷ ಹಾಕಿದ ಪ್ರೋಗ್ರಾಂ," ಅವನೆಂದ. "ಇದರಲ್ಲಿರೋ ಫೈಲುಗಳ ನಕಲು ಬೇರೆ ಕಡೆ ಇಟ್ಟಿದೀರಾ?"

"ಮನೇಲಿ ಒಂದು ಡಿಸ್ಕ್ ಇದೆ. ಅಕ್ಕನ ಬೀರುವಿನಲ್ಲಿ, ಸೀರೆಗಳ ಕೆಳಗೆ."

"ಇವತ್ತು ಅದನ್ನ ಯಾವುದಕ್ಕೂ ಚುಚ್ಚಿಲ್ಲ ತಾನೇ?"

"ಇಲ್ಲ. ಬೀರುವಿಗೆ ಬೀಗ ಹಾಕಿದೆ."

ಮೊದಲ ಸಲ ಅವನ ಮುಖ ಸಡಿಲವಾಯಿತು. "ಜಗತ್ತಿನ ಅತ್ಯುತ್ತಮ ಭದ್ರತಾ ವ್ಯವಸ್ಥೆ," ಎಂದು ಲ್ಯಾಪ್‌ಟಾಪನ್ನು ಎತ್ತಿಕೊಂಡ.

ಹೋಗುವಾಗ ಬೈಗುಳ ಬರುತ್ತದೆಂದು ಅವಳು ಕಾದಳು. ಅವನು ಕೇಳಿದ್ದು ಬೇರೆ. ಅಷ್ಟು ಓದಿದವರು ಯಾಕೆ ತೆರೆದಿರಿ ಎಂದಲ್ಲ, ತೆರೆಯುವ ಕ್ಷಣದಲ್ಲಿ ಏನನ್ನಿಸಿತು ಎಂದು.

ಅವಳು ಯೋಚಿಸಿ ನಿಜವನ್ನೇ ಹೇಳಿದಳು. "ಒಳಗೇನಿದೆ ಅಂತ ನೋಡೋಣ ಅನ್ನಿಸ್ತು."

"ಈಗಲೂ ಅನ್ನಿಸ್ತಿದೆಯಾ?"

"...ಹೂಂ."

"ನಾಳೆ ನನ್ನ ರೂಮಿಗೆ ಬನ್ನಿ. ತೋರಿಸ್ತೀನಿ."

*

ಅವನ ಕೋಣೆ ಉಗ್ರಾಣದ ಪಕ್ಕದಲ್ಲಿತ್ತು. ಕಬ್ಬಿಣದ ಮೇಜಿನ ಮೇಲೆ, ಯಾವ ಕೇಬಲ್ಲೂ ಇಲ್ಲದೆ, ಊರಾಚೆ ಇಟ್ಟಂತೆ ಒಂದು ಹಳೆಯ ಲ್ಯಾಪ್‌ಟಾಪು. ಅದರ ಮೇಲೆ ಅವನದೇ ಕೈಬರಹದ ಚೀಟಿ: 'ಇಲ್ಲಿ ಏನು ಬೇಕಾದರೂ ಒತ್ತಬಹುದು.'

ಅವಳ ಯಂತ್ರದಲ್ಲಿ ಸಿಕ್ಕ ಕಳ್ಳ ಪ್ರೋಗ್ರಾಂನ ಒಂದು ಪ್ರತಿಯನ್ನು ಅವನು ಅದಕ್ಕೆ ಬಿಟ್ಟಿದ್ದ. ಇಬ್ಬರೂ ಕುರ್ಚಿ ಎಳೆದುಕೊಂಡು ಪರದೆಯನ್ನೇ ನೋಡುತ್ತ ಕೂತರು.

ಏನೂ ಆಗಲಿಲ್ಲ.

"ಸತ್ತು ಹೋಯ್ತಾ?" ಅವಳು ಪಿಸುಗುಟ್ಟಿದಳು. ಯಾಕೆ ಪಿಸುಗುಟ್ಟಿದಳೋ ಅವಳಿಗೇ ತಿಳಿಯಲಿಲ್ಲ.

ಸತ್ತಿಲ್ಲ, ಕಾಯುತ್ತಿದೆ ಎಂದು ಅವನು ವಿವರಿಸಿದ. ಮೌಸ್ ಅಲುಗಾಡುತ್ತದೆಯೇ ಎಂದು ಅದು ನೋಡುತ್ತದಂತೆ. ಅಲುಗದಿದ್ದರೆ ಇದು ಪರೀಕ್ಷೆಗೆ ಇಟ್ಟ ಯಂತ್ರ, ಮನುಷ್ಯರಿಲ್ಲ ಎಂದುಕೊಂಡು ಸುಮ್ಮನೆ ಬಿದ್ದಿರುತ್ತದೆ. ಯಾರೋ ಇದ್ದಾರೆ, ಅವರಿಗೆ ಅನುಮಾನವಿಲ್ಲ ಎಂದು ಖಚಿತವಾದ ಮೇಲೆಯೇ ಅದರ ಕೆಲಸ ಶುರು.

"ಅಂದ್ರೆ ಅದಕ್ಕೂ ಅನುಮಾನ ಇರುತ್ತೆ!"

"ನಮಗಿಂತ ಜಾಸ್ತಿ. ಮೌಸ್ ಅಲ್ಲಾಡ್ಸಿ."

ಅವಳು ಅಲ್ಲಾಡಿಸಿದಳು. ಪರದೆಯ ಮೂಲೆಯಲ್ಲಿ ಒಂದೊಂದೇ ಫೋಲ್ಡರಿನ ಹೆಸರು ಓಡತೊಡಗಿತು. ಕಳ್ಳ ಮನೆಯೊಳಗೆ ತಿರುಗಾಡುತ್ತಿದ್ದ. ಅವಳ ಮೈ ಜುಮ್ಮೆಂದಿತು. ಹೊಸ ಪರಾಗ ಗಾಜಿನ ಕೆಳಗೆ ಕಣ್ಣಿಗೆ ಬಿದ್ದಾಗಲೂ ಹೀಗೇ ಆಗುತ್ತಿತ್ತು.

ಆದರೆ ಫೋಲ್ಡರುಗಳ ಹೆಸರುಗಳು ವಿಚಿತ್ರವಾಗಿದ್ದವು. 'ಬೆಕ್ಕಿನ ಲಸಿಕೆ'. 'ಹಳೆ ವಿದ್ಯಾರ್ಥಿಗಳ ಫೋಟೋ'. 'ಸೊಸೆ ಕಳಿಸಿದ ಅಡುಗೆ ವಿಡಿಯೋ'.

"ಇದು ಯಾರದು?"

ಅವನಿಗೆ ನಾಚಿಕೆಯಾಯಿತು. ಖಾಲಿ ಯಂತ್ರ ಕಂಡರೆ ಕಳ್ಳ ಪ್ರೋಗ್ರಾಂಗಳು ನಂಬುವುದಿಲ್ಲವಾದ್ದರಿಂದ ಒಬ್ಬ ಮನುಷ್ಯನನ್ನೇ ಕಟ್ಟಿದ್ದನಂತೆ. ನಿವೃತ್ತ ಭೂಗೋಳದ ಮೇಷ್ಟ್ರು. ಒಂಟಿ. ಎರಡು ಬೆಕ್ಕು, ದೂರದಲ್ಲಿ ಮಗ ಸೊಸೆ.

ಅವಳು ಫೋಲ್ಡರುಗಳನ್ನು ಒಂದೊಂದೇ ತೆರೆದು, ಪರೀಕ್ಷಕಿಯ ಕಣ್ಣಿನಿಂದ ನೋಡಿ, ತೀರ್ಪು ಕೊಟ್ಟಳು. ಮೇಷ್ಟ್ರು ಸಾಚಾ ಅಲ್ಲ. ಒಂಟಿ ಮನುಷ್ಯನ ಫೋಟೋಗಳೆಲ್ಲ ಇಷ್ಟು ನೆಟ್ಟಗೆ ಇರುವುದಿಲ್ಲ. ಅರ್ಧದಷ್ಟರಲ್ಲಿ ಹೆಬ್ಬೆರಳು ಅಡ್ಡ ಬಂದಿರಬೇಕು. ಬೆಕ್ಕಿಗೆ ಹೆಸರಿಲ್ಲ. ಮಗನ ಜೊತೆ ಒಂದು ಸಣ್ಣ ಮುನಿಸೂ ಇಲ್ಲ. ಎಂಥ ಅಪ್ಪ?

ಅವನು ಬಿದ್ದುಬಿದ್ದು ನಕ್ಕ. "ನೀವೇ ಸರಿಮಾಡಿ ಕೊಡಿ, ಮೇಡಂ."

ಅಲ್ಲಿಂದ ಶುರುವಾದವು ಪತ್ರಗಳು. ಕಚೇರಿಯ ಮೇಲ್‌ನಲ್ಲೇ, ದಿನಕ್ಕೊಂದು, ಕೆಲವೊಮ್ಮೆ ಮೂರು ನಾಲ್ಕು. 'ಮೇಷ್ಟ್ರಿಗೆ ಮಂಡಿನೋವು ಬಂದರೆ ಹೇಗೆ?' 'ಬರಲಿ. ಆದರೆ ಡಾಕ್ಟರ ಹತ್ತಿರ ಹೋಗುವುದಿಲ್ಲ, ಹಟಮಾರಿ.' 'ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಸಂಗೀತ ಟೀಚರ್ ಇರಲಿ.' 'ಯಾಕೆ?' 'ಸುಮ್ಮನೆ. ಪಾಪ, ಒಬ್ಬರೇ.'

ಅವನು ಅವಳ ಕೋಣೆಗೆ ಬಂದು ಸೂಕ್ಷ್ಮದರ್ಶಕದಲ್ಲಿ ಸೂರ್ಯಕಾಂತಿಯ ಪರಾಗ ನೋಡಿದ. ಮುಳ್ಳಿನ ಚೆಂಡಿನಂತಿದ್ದುದನ್ನು ಕಂಡು, ಇಷ್ಟು ಚೆಂದದ ಹೂವಿನೊಳಗೆ ಇಂಥ ಆಯುಧವೇ ಎಂದು ಬೆರಗಾಗಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಅವಳ ಫೋನಿಗೂ ಶುಶ್ರೂಷೆ ನಡೆಯಿತು. ತಿಂಗಳುಗಟ್ಟಲೆ 'ಆಮೇಲೆ' ಎಂದು ಮುಂದೂಡಿದ್ದ ಅಪ್‌ಡೇಟುಗಳು ಬಂದವು. ಎಲ್ಲ ಕಡೆಗೂ ಒಂದೇ ಇದ್ದ ಪಾಸ್‌ವರ್ಡು ಹೋಯಿತು. ಯಾವ ಆ್ಯಪ್ ಏನೇನು ಕೇಳುತ್ತದೆ ಎಂದು ನೋಡುವುದನ್ನು ಕಲಿತ ಅವಳು ಮನೆಯಲ್ಲಿ ಅಕ್ಕನ ಫೋನನ್ನೂ ಬಿಡಲಿಲ್ಲ.

ಅಕ್ಕ ಮಕ್ಕಳ ಹಲ್ಲಿನ ಡಾಕ್ಟರ್. ಅಪ್ಪ ಅಮ್ಮ ಹೋದ ಮೇಲೆ ತಂಗಿಗೆ ಎರಡೂ ಅವಳೇ. ಅವಳ ಫೋನಿನಲ್ಲಿದ್ದ ಟಾರ್ಚಿನ ಆ್ಯಪು ಫೋನ್‌ಬುಕ್ಕನ್ನೂ ಮೈಕನ್ನೂ ಕೇಳಿ ಪಡೆದಿತ್ತು.

"ಟಾರ್ಚಿಗೆ ನಮ್ಮ ದೊಡ್ಡಮ್ಮನ ನಂಬರು ಯಾಕೆ ಬೇಕಂತೆ?" ಅಕ್ಕ ಕೇಳಿದಳು.

"ಅದಕ್ಕೇ ತೆಗೆದು ಹಾಕ್ತಿದೀನಿ."

"ಇದನ್ನೆಲ್ಲ ಯಾರು ಕಲಿಸಿದ್ದು?"

"ನಮ್ಮ ಆಫೀಸಲ್ಲಿ ಒಬ್ರು..."

"ಒಬ್ರು ಅಂದ್ರೆ ಅದೇ ಒಬ್ರಾ? ಮೊನ್ನೆ ಬೆಕ್ಕಿಗೆ ಹೆಸರು ಇಡೋಕೆ ಅರ್ಧ ಗಂಟೆ ಟೈಪ್ ಮಾಡಿದೆಯಲ್ಲ, ಅವ್ರಾ?"

ತಂಗಿ ಫೋನಿನಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

*

ಕೆಲವು ತಿಂಗಳಲ್ಲೇ ಪ್ರಯೋಗಾಲಯದಲ್ಲಿ ಅವನಿಗೆ 'ಗಾಳದ ಸಾರ್' ಎಂದು ಹೆಸರು ಬಿದ್ದಿತ್ತು. ಕಾರಣ, ಅವನು ಶುರುಮಾಡಿದ ತರಬೇತಿ. ತಿಂಗಳಿಗೊಮ್ಮೆ ಎಲ್ಲರಿಗೂ ಕಳ್ಳರು ಕಳಿಸುವಂಥದೇ ಸುಳ್ಳು ಪತ್ರ ಹೋಗುತ್ತಿತ್ತು. ಬಹುಮಾನ ಬಂದಿದೆ, ಪಾರ್ಸೆಲ್ ನಿಂತಿದೆ, ಇಲ್ಲಿ ಒತ್ತಿ ಎಂದು. ಅನುಮಾನ ಬಂದವರು ಪತ್ರಕ್ಕೆ ಕೆಂಪು ಗುರುತು ಹಾಕಿ, ಯಾಕೆ ಅನುಮಾನ ಎಂದು ಬರೆದರೆ ಅದು ಅವನಿಗೆ ತಲುಪುತ್ತಿತ್ತು. ಒತ್ತಿದವರಿಗೆ 'ಇದು ತರಬೇತಿ' ಎಂಬ ಪುಟ ತೆರೆಯುತ್ತಿತ್ತು, ಅವರ ಹೆಸರು ಅವನ ಪರದೆಗೆ ಬರುತ್ತಿತ್ತು. ಅವಳು ಒಮ್ಮೆಯೂ ಬಿದ್ದಿರಲಿಲ್ಲ. ಅದೊಂದು ಸಣ್ಣ ಹೆಮ್ಮೆ.

ಒಂದು ಬುಧವಾರ ಅವನ ಹೆಸರಿನಲ್ಲಿ ಪತ್ರ ಬಂತು.

'ನಿಮಗೊಂದು ಮಾತು ಹೇಳಬೇಕಾಗಿದೆ. ಎದುರಿಗೆ ಹೇಳಲು ಧೈರ್ಯ ಸಾಲದು. ಇಲ್ಲಿ ಬರೆದಿದ್ದೇನೆ, ಓದಿ.'

ಕೆಳಗೊಂದು ಲಿಂಕು.

ಅವಳು ಕಳಿಸಿದವರ ವಿಳಾಸ ನೋಡಲಿಲ್ಲ. ಲಿಂಕು ಎಲ್ಲಿಗೆ ಹೋಗುತ್ತದೆಂದು ಬೆರಳಿಟ್ಟು ನೋಡಲಿಲ್ಲ. ಕಲಿತದ್ದೊಂದೂ ನೆನಪಾಗಲಿಲ್ಲ. ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ಕೊನೆಗೂ...

ಒತ್ತಿದಳು.

'ಇದು ತರಬೇತಿಯ ಪತ್ರ. ಹೆದರಬೇಡಿ, ಯಾವ ಹಾನಿಯೂ ಆಗಿಲ್ಲ. ನೀವು ಯಾಕೆ ಮೋಸಹೋದಿರಿ ಎಂದು ಒಂದು ಕ್ಷಣ ಯೋಚಿಸಿ.'

ಯಾವ ಹಾನಿಯೂ ಆಗಿಲ್ಲ! ಅವಳು ಆ ವಾಕ್ಯವನ್ನು ಮತ್ತೆ ಮತ್ತೆ ಓದಿದಳು. ಮುಂದಿದ್ದ ಗಾಜಿನ ಪಟ್ಟಿ ಮಸುಕಾಯಿತು. ಒಬ್ಬಳೇ ಇದ್ದರೂ, ಇಡೀ ಪ್ರಯೋಗಾಲಯ ತನ್ನ ಎದೆಯೊಳಗೆ ಇಣುಕಿ ನೋಡಿ ಹೋದಂತೆ ಅನ್ನಿಸಿತು.

ಅವನು ಓಡಿಯೇ ಬಂದಿರಬೇಕು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ತರಬೇತಿಯ ಪ್ರೋಗ್ರಾಂನಲ್ಲಿ ಈ ಸಲ ಒಂದು ಹೊಸ ಆಯ್ಕೆ ಹಾಕಿದ್ದಾಗಿ ತೊದಲಿದ. ಅಪರಿಚಿತರ ಹೆಸರಿಗೆ ಈಗ ಯಾರೂ ಬೀಳುವುದಿಲ್ಲ. ಅದಕ್ಕೇ ಯಾರು ಯಾರಿಗೆ ಅತಿ ಹೆಚ್ಚು ಪತ್ರ ಬರೆಯುತ್ತಾರೋ ಅವರ ಹೆಸರಿನಲ್ಲೇ ಗಾಳ ಹಾಕುವಂತೆ ಹೊಂದಿಸಿದ್ದ. ಅವಳ ಪಾಲಿಗೆ ಆ ಹೆಸರು ತನ್ನದೇ ಆಗಬಹುದೆಂದು ಅವನಿಗೆ ಹೊಳೆದಿರಲಿಲ್ಲ.

"ಅದನ್ನ ನಾನು ಬರೆದಿದ್ದಲ್ಲ. ಯಂತ್ರ ಬರೆದದ್ದು. ಅದರಲ್ಲಿರೋ ಮಾತಿಗೂ ನನಗೂ ಸಂಬಂಧ ಇಲ್ಲ, ನಂಬಿ."

ತಾನು ಮೋಸಗಾರನಲ್ಲ ಎಂದು ಹೇಳಲು ಅವನು ಹೊರಟಿದ್ದ. ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತು.

ಸಂಬಂಧ ಇಲ್ಲ.

"ತರಬೇತಿ ತುಂಬ ಚೆನ್ನಾಗಿತ್ತು, ಸಾರ್," ಅಂದಳು. ಅಲ್ಲಿಯವರೆಗೆ ಅವನನ್ನು ಅವಳು ಸಾರ್ ಎಂದು ಕರೆದಿರಲಿಲ್ಲ. "ಕಲಿತೆ."

*

ಆಮೇಲೆ ಮೇಷ್ಟ್ರಿಗೆ ಏನೂ ಆಗಲಿಲ್ಲ. ಮಂಡಿನೋವು ಹಾಗೇ ಉಳಿಯಿತು, ಸಂಗೀತ ಟೀಚರ್ ಪಕ್ಕದ ಮನೆಯಲ್ಲೇ ಉಳಿದಳು. ಅವಳು ಬರೆಯಲಿಲ್ಲ. ಊಟದ ಕೋಣೆಯಲ್ಲಿ ಅವನು ಕಂಡರೆ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಅವಮಾನಕ್ಕಿಂತ ಒಂದು ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ಇಲ್ಲದ ಮನುಷ್ಯನಿಗೆ ಬೆಕ್ಕು, ಸೊಸೆ, ನೆನಪುಗಳನ್ನು ಜೋಡಿಸಿ, ಕಳ್ಳನೂ ನಂಬುವಂತೆ ಸಂಸಾರ ಕಟ್ಟುವುದು ಅವನ ಕಸುಬು. ಹಾಗಾದರೆ ತನಗೆ ಬರೆದ ಅಷ್ಟು ಪತ್ರಗಳು? ಅವನ ನಗು? ಪರಾಗ ನೋಡುವಾಗಿನ ಆ ಬೆರಗು?

ಅದರಲ್ಲಿ ಜೇನೆಷ್ಟು, ಪಾಕವೆಷ್ಟು?

ಯಾವ ಸೀಸೆಯನ್ನಾದರೂ ಕೊಡಿ, ಸಂಜೆಯೊಳಗೆ ಹೇಳುತ್ತಿದ್ದಳು. ಈ ಒಂದನ್ನು ಯಾವ ಯಂತ್ರದಲ್ಲಿ ತಿರುಗಿಸಬೇಕೋ ಗೊತ್ತಾಗಲಿಲ್ಲ.

ಮುಂದಿನ ವಾರ ಮತ್ತೆ ಅವನ ಹೆಸರಿನಲ್ಲಿ ಪತ್ರ.

'ಮೇಷ್ಟ್ರ ಬಗ್ಗೆ ಅಲ್ಲ, ನನ್ನ ಬಗ್ಗೆ ಬರೆಯುತ್ತಿದ್ದೇನೆ. ಅವರ ಮನೆಯನ್ನು ನೀವು ತುಂಬಿದಂತೆಲ್ಲ ನನ್ನ ಮನೆ ಎಷ್ಟು ಖಾಲಿ ಎಂದು ತಿಳಿಯಿತು. ನಿಮ್ಮ ಪತ್ರ ಬಾರದ ದಿನಗಳಲ್ಲಿ ಅದು ಇನ್ನೂ ಚೆನ್ನಾಗಿ ತಿಳಿಯುತ್ತಿದೆ. ನನಗೆ ನೀವು ಇಷ್ಟ. ಒಪ್ಪಿಗೆಯಾದರೆ ನಿಮ್ಮ ಅಕ್ಕನವರನ್ನು ಬಂದು ಕಾಣುತ್ತೇನೆ. ಇಲ್ಲವಾದರೆ ಉತ್ತರ ಬರೆಯುವ ತೊಂದರೆಯೂ ಬೇಡ.'

ಅವಳ ಎದೆ ಮತ್ತೆ ಹಾರಿತು. ಅವಳು ಅದನ್ನು ಗದರಿಸಿ ಕೂರಿಸಿದಳು. ಒಂದು ಸಲ ಸಾಕು.

ಪತ್ರಕ್ಕೆ ಕೆಂಪು ಗುರುತು ಹಾಕಿದಳು. ಕಾರಣ ಕೇಳುವ ಜಾಗದಲ್ಲಿ, ಜೇನಿಗೆ ಬರೆಯುವ ವರದಿಯಂತೆಯೇ ಬರೆದಳು. 'ಕಳಿಸಿದವರ ವಿಳಾಸ ಸರಿಯಿದೆ. ಕಳೆದ ಸಲವೂ ಹೆಸರು ನಂಬುವಂತೆಯೇ ಇತ್ತು. ಓದುವವರ ಮನಸ್ಸು ಕರಗಿಸುವ ಉದ್ದೇಶ ಸ್ಪಷ್ಟ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ವಿವರಗಳನ್ನು ಬಳಸಲಾಗಿದೆ. ಲಿಂಕು ಇಲ್ಲ. ಅಟ್ಯಾಚ್‌ಮೆಂಟ್ ಇಲ್ಲ. ತೀರ್ಮಾನ: ಅನುಮಾನಾಸ್ಪದ.'

ಕಳಿಸಿದಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಕೆಂಪು ಗುರುತು ಬಿದ್ದ ಪತ್ರದ ಫಲಿತಾಂಶ ಸಾಮಾನ್ಯವಾಗಿ ಅದೇ ದಿನ ಬರುತ್ತಿತ್ತು: 'ಕಳ್ಳ ಪತ್ರ', 'ಸುರಕ್ಷಿತ' ಅಥವಾ ತರಬೇತಿಯದಾಗಿದ್ದರೆ 'ಶಾಭಾಸ್'. ಇದಕ್ಕೆ ಮಾತ್ರ 'ಪರಿಶೀಲನೆಯಲ್ಲಿದೆ' ಎಂದೇ ಇತ್ತು. ಮರುದಿನವೂ ಅದೇ. ಅದರ ಮರುದಿನವೂ. ಬೇಡ ಬೇಡವೆಂದರೂ ಅವಳು ತೆಗೆದು ತೆಗೆದು ನೋಡಿದಳು. ತರಬೇತಿಯ ಪತ್ರವಾಗಿದ್ದರೆ 'ಶಾಭಾಸ್' ಎಂದು ಬರಬೇಕಲ್ಲ? ಇಷ್ಟು ದಿನ ಏನು ಪರಿಶೀಲಿಸುತ್ತಿದ್ದಾನೆ?

ಭಾನುವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅಕ್ಕ ತಂಗಿಯ ಸಪ್ಪೆ ಮುಖ ನೋಡಿ ನೋಡಿ ಸಾಕಾಗಿ, ಬಾಯಿ ಬಿಡಿಸಿಯೇ ಬಿಟ್ಟಳು. ಹಟಮಾರಿ ಮಕ್ಕಳ ಬಾಯಿ ತೆರೆಸುವುದು ಅವಳಿಗೆ ಹೊಸದೇನಲ್ಲ. ತಂಗಿ ಎಲ್ಲ ಹೇಳಿ, ಪತ್ರ ಮತ್ತು ತನ್ನ ವರದಿ ಎರಡನ್ನೂ ಫೋನಿನಲ್ಲಿ ತೋರಿಸಿದಳು.

ಅಕ್ಕ ಎರಡನ್ನೂ ಓದಿದಳು. "ಇದರಲ್ಲಿ ಎಲ್ಲಿ ಒತ್ತಬೇಕು?"

"ಎಲ್ಲೂ ಇಲ್ಲ. ಬರೆದಿದೀನಲ್ಲ, ಲಿಂಕ್ ಇಲ್ಲ ಅಂತ."

"ಒತ್ತೋಕೆ ಏನೂ ಇಲ್ಲ, ಉತ್ತರನೂ ಬೇಡ ಅಂದಿದಾನೆ. ಮತ್ತೆ ನಿನ್ನನ್ನ ಹಿಡಿಯೋದು ಯಾವುದರಿಂದ?"

ತಂಗಿ ಫೋನನ್ನು ಕಸಿದುಕೊಂಡು ತಾನೇ ಬರೆದ ವರದಿಯನ್ನು ಮತ್ತೆ ಓದಿದಳು. ಕಂಡದ್ದನ್ನೆಲ್ಲ ಸರಿಯಾಗಿಯೇ ಬರೆದಿದ್ದಳು. ಆದರೆ ತೀರ್ಮಾನ ಮಾತ್ರ ಕಂಡದ್ದರಿಂದ ಬಂದಿರಲಿಲ್ಲ... ಭಯದಿಂದ ಬಂದಿತ್ತು.

"ನಿನ್ನ ಹತ್ರ ಯಾರಾದ್ರೂ ಇಂಥ ವರದಿ ತಂದಿದ್ರೆ?" ಅಕ್ಕ ಕೇಳಿದಳು.

"ಹರಿದು ಹಾಕ್ತಿದ್ದೆ."

"ಸರಿ, ಈಗ ತಿಂಡಿ ತಿನ್ನು. ಆಮೇಲೆ ಅಳು."

*

ಸೋಮವಾರ ಅವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವನು ಯಾರದೋ ಫೋನಿನ ಬೆನ್ನು ಬಿಚ್ಚಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಸಣ್ಣ ತಿರುಪೊಂದು ಉರುಳಿ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಹುಡುಕಲಿಲ್ಲ.

"ನನ್ನ ದೂರು ಇನ್ನೂ ಪರಿಶೀಲನೆಯಲ್ಲಿದೆ," ಅವಳೆಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬೇರೆ ಇತ್ತು. ಬಾಯಿಗೆ ಬಂದದ್ದು ಇದು. "ಯಾಕೆ?"

"ನಾನೇ ಬರೆದ ಪತ್ರ. ಅದಕ್ಕೆ ನಾನೇ 'ಸುರಕ್ಷಿತ' ಅಂತ ಹೇಗೆ ಬರೀಲಿ? ನಿಯಮದ ಪ್ರಕಾರ ಮೇಲಿನವರಿಗೆ ಕಳಿಸಬೇಕು."

"ಕಳಿಸಬೇಕಿತ್ತು."

"ಅವರು ಓದ್ತಾರೆ. ಓದಿ ಮೀಟಿಂಗಲ್ಲಿ ಉದಾಹರಣೆ ಕೊಡ್ತಾರೆ."

ಅವಳಿಗೆ ನಗು ಬಂತು, ತಡೆದಳು. "ನೀವೇ ಬರೆದದ್ದಾ? ಯಂತ್ರ ಅಲ್ಲ?"

"ಯಂತ್ರ ಇನ್ನೂ ಚೆನ್ನಾಗಿ ಬರೀತಿತ್ತು." ಅವನು ಬಿಚ್ಚಿದ ಫೋನನ್ನು ಬದಿಗೆ ಸರಿಸಿದ. "ಅವತ್ತು ಸಂಬಂಧ ಇಲ್ಲ ಅಂದೆನಲ್ಲ... ಅದು ಸುಳ್ಳು. ಮೋಸಕ್ಕೂ ನನಗೂ ಸಂಬಂಧ ಇಲ್ಲ ಅನ್ನೋಕೆ ಹೋಗಿ, ಮಾತಿಗೂ ಇಲ್ಲ ಅಂದುಬಿಟ್ಟೆ. ನೀವು ಸಾರ್ ಅಂದಾಗ ಗೊತ್ತಾಯ್ತು ಏನು ಮಾಡ್ಕೊಂಡೆ ಅಂತ."

"ನಾನು ಹೇಗೆ ನಂಬಲಿ?"

ಕುಹಕದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು. ಅವನಿಗೂ ಅದು ಅರ್ಥವಾಯಿತು. ಮುಖ ಕೆಂಪಾಗಿಸಿಕೊಂಡು ಅವನು ತನ್ನ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ.

ಆ ಬುಧವಾರದ ತರಬೇತಿಯಲ್ಲಿ ಒತ್ತಿದವರ ವಿವರ ಅಲ್ಲಿತ್ತು. ಅವಳ ಹೆಸರು. ಅದರ ಮೇಲೆ, ಅವಳಿಗಿಂತ ಮೊದಲೇ ಒತ್ತಿದ ಇನ್ನೊಬ್ಬರದು.

ಅವಳು ಬಾಗಿ ನೋಡಿದಳು. ತಿರುಗಿ ಅವನ ಮುಖ ನೋಡಿದಳು. "ನೀವಾ?"

"ತರಬೇತಿ ಎಲ್ಲರಿಗೂ ಅಂದ್ಮೇಲೆ ನನಗೂ ಬರುತ್ತೆ. ನಾನು ಅತಿ ಹೆಚ್ಚು ಪತ್ರ ಬರೆಯೋದು ಯಾರಿಗೆ ಅಂತ ಅದಕ್ಕೆ ಗೊತ್ತಲ್ಲ. ನಿಮ್ಮ ಹೆಸರಲ್ಲಿ ಬಂತು."

"ನೀವೇ ಹೊಂದಿಸಿದ್ದು!"

"ನಾನೇ ಹೊಂದಿಸಿದ್ದು. ಎಚ್ಚರಿಕೆಯ ಆ ಪುಟನೂ ನಾನೇ ಬರೆದಿದ್ದು. ನಿಮ್ಮ ಹೆಸರು ನೋಡಿದೆ... ಒತ್ತಿದೆ."

ಇಡೀ ಪ್ರಯೋಗಾಲಯದಲ್ಲಿ ಅನುಮಾನ ಪಡುವುದೇ ಉದ್ಯೋಗವಾದವನು ಅವನೊಬ್ಬನೇ. ಅವನೂ ವಿಳಾಸ ನೋಡಿರಲಿಲ್ಲ! ಅವಳ ಎದೆಯಲ್ಲಿ ಇಷ್ಟು ದಿನ ಗಟ್ಟಿಯಾಗಿ ಕೂತಿದ್ದ ಏನೋ ಒಂದು, ಬೆಚ್ಚನೆಯ ನೀರಿಗೆ ಬಿದ್ದಂತೆ ಸದ್ದಿಲ್ಲದೆ ಕರಗಿತು.

"ನನ್ನ ಹೆಸರಲ್ಲಿ ಏನಂತ ಬರೆದಿತ್ತು?" ಅವಳು ಮೆಲ್ಲನೆ ಕೇಳಿದಳು.

"'ನಿಮ್ಮನ್ನ ಒಂದು ಮಾತು ಕೇಳಬೇಕು' ಅಂತ."

"ಏನು ಕೇಳ್ಬೇಕಂತೆ?"

"ಅದೇ ಗೊತ್ತಾಗಲಿಲ್ಲ. ಒತ್ತಿದ ಕೂಡಲೇ ತರಬೇತಿ ಅಂತ ಬಂತು. ಅವತ್ತಿಂದ ಅದೇ ಯೋಚನೆ. ಏನು ಕೇಳ್ತಿದ್ರೋ ಅಂತ."

ಅವಳು ಮೇಜಿನ ಪಕ್ಕದ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು. ಈಗ ಕಣ್ಣು ತಪ್ಪಿಸಲಿಲ್ಲ.

"ಈಗ ಕೇಳ್ಲಾ?"

"ಕೇಳಿ."

"ನಮ್ಮಕ್ಕನ್ನ ನೋಡೋಕೆ ಯಾವಾಗ ಬರ್ತೀರಾ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಬಹಳ ಜೋಪಾನವಾಗಿ ಮೇಜಿನ ಮೇಲಿಟ್ಟ, ಗಾಜಿನದೇನೋ ಎಂಬಂತೆ.

"ಇವತ್ತೇ ಬರಲಾ?"

"ಬನ್ನಿ. ಆದ್ರೆ ನಮ್ಮಕ್ಕ ಬಾಯಿ ತೆರೆಸಿ ಹಲ್ಲು ನೋಡ್ತಾಳೆ, ಹೇಳಿದೀನಿ."

"ನೋಡ್ಲಿ." ಅವನು ನಕ್ಕ. ಆಮೇಲೆ, ಹೊಸ ಚಪ್ಪಲಿಯಲ್ಲಿ ಮೊದಲ ಹೆಜ್ಜೆ ಇಡುವವನಂತೆ ಸ್ವಲ್ಪ ತಡವರಿಸಿ, "ನೀನು ಪಕ್ಕದಲ್ಲಿ ಇರ್ತೀಯಲ್ಲ?" ಎಂದ.

ಅವಳು ಉತ್ತರಿಸಲು ಒಂದು ಗಳಿಗೆ ತೆಗೆದುಕೊಂಡಳು. ಅನುಮಾನಕ್ಕಲ್ಲ. ಆ 'ನೀನು' ಕಿವಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು.

"ಇರ್ತೀನಿ," ಅಂದಳು.